ಸಂಶೋಧನೆಗೂ ಒಂದು ದಾಸೋಹ ಬೇಕು



ನಮ್ಮ ಮಠಗಳು ಅನ್ನ ಕೊಟ್ಟಿವೆ, ಅಕ್ಷರ ಕೊಟ್ಟಿವೆ, ತಲೆಯ ಮೇಲೊಂದು ಸೂರು ಕೊಟ್ಟಿವೆ. ಸಿದ್ಧಗಂಗೆ, ಸುತ್ತೂರು ಎಂದರೆ ಸಾಕು, ಸಾಲುಸಾಲಾಗಿ ಕೂತು ಉಣ್ಣುವ ಮಕ್ಕಳು ಕಣ್ಣಮುಂದೆ ಬರುತ್ತಾರೆ. ಎಂಜಿನಿಯರಿಂಗ್ ಕಾಲೇಜು, ವೈದ್ಯಕೀಯ ಕಾಲೇಜುಗಳನ್ನೂ ನಮ್ಮ ಸಮಾಜ ಕಟ್ಟಿದೆ. ಆದರೆ ಎಂ.ಎ. ಮುಗಿಸಿ, ಇತಿಹಾಸದಲ್ಲೋ ಸಮಾಜಶಾಸ್ತ್ರದಲ್ಲೋ ಕನ್ನಡದಲ್ಲೋ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ ಹುಡುಗ ಹುಡುಗಿಯರು ಆ ಮೂರು ವರ್ಷ, ನಾಲ್ಕು ವರ್ಷ, ಕೆಲವೊಮ್ಮೆ ಆರು ವರ್ಷ ಏನು ಮಾಡಿ ಬದುಕುತ್ತಾರೆ ಎಂದು ನಾವು ವಿಚಾರಿಸಿದ್ದು ಕಡಿಮೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಬಸವಾಭಿಮಾನಿಗಳು ಸೇರಿ ಇಂಥವರಿಗಾಗಿ ಒಂದು ದತ್ತಿ ನಿಧಿ ಸ್ಥಾಪಿಸಬೇಕು ಎಂಬುದು ಈ ಸಂಚಿಕೆಯ ಕೋರಿಕೆ.

ಎಂಜಿನಿಯರ್ ಆಗಿ ನಿವೃತ್ತನಾದವನು ಸಮಾಜವಿಜ್ಞಾನದ ವಕಾಲತ್ತು ಯಾಕೆ ವಹಿಸುತ್ತಾನೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ನಮ್ಮ ಕೆರೆಗಳು. ಈ ಜಿಲ್ಲೆಯಲ್ಲಿ ನದಿಯ ಆಸರೆ ಇಲ್ಲ, ಎರಡು ಸಾವಿರಕ್ಕೂ ಮೀರಿದ ಕೆರೆಗಳೇ ಆಸರೆ. ಏರಿ ಎಷ್ಟು ಎತ್ತರ, ಕೋಡಿ ಎಷ್ಟು ಅಗಲ, ತೂಬಿನಲ್ಲಿ ಎಷ್ಟು ನೀರು ಹರಿಯುತ್ತದೆ ಎಂಬ ಲೆಕ್ಕ ನಮ್ಮ ಇಲಾಖೆಯ ಕಡತಗಳಲ್ಲಿ ಸಿಗುತ್ತದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗಲೂ ಲೆಕ್ಕ ಸಿದ್ಧವಾಗಿತ್ತು: ಬೆಂಗಳೂರಿನ ಕೊಳಚೆ ನೀರಿಗೆ ಎರಡು ಹಂತದ ಶುದ್ಧೀಕರಣ, ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. ಆ ನೀರನ್ನು ತೂಬಿನಿಂದ ನೇರವಾಗಿ ಗದ್ದೆಗೆ ಬಿಡುವಂತಿಲ್ಲ, ಅಂತರ್ಜಲ ಮೇಲೇರುವುದಕ್ಕೆ ಮಾತ್ರ. ಹಾಗಾದರೆ ಕೊಳವೆಬಾವಿ ಕೊರೆಸಲು ಶಕ್ತಿಯಿದ್ದವನಿಗೆ ಎಷ್ಟು ಸಿಕ್ಕಿತು, ಅಚ್ಚುಕಟ್ಟಿನಲ್ಲಿ ಅರ್ಧ ಎಕರೆ ಇದ್ದವನಿಗೆ ಎಷ್ಟು ಸಿಕ್ಕಿತು? ತೂಬು ಎತ್ತುವ, ಗದ್ದೆಗೆ ಗದ್ದೆ ಸರದಿ ನೋಡುವ ನೀರಗಂಟಿ ಏನಾದ? ಇದಕ್ಕೆ ಉತ್ತರ ಹೇಳುವ ಕಡತ ನಮ್ಮಲ್ಲಿಲ್ಲ. ನಾವು ನೀರನ್ನು ಅಳೆದೆವು, ಮನುಷ್ಯರ ನಡುವೆ ಅದು ಹೇಗೆ ಹರಿಯುತ್ತದೆ ಎಂದು ಅಳೆಯುವ ವಿದ್ಯೆ ಬೇರೆಯದು. ಕರ್ನಾಟಕದ ಕೆರೆ ನೀರಾವರಿಯನ್ನು ಆ ಕಣ್ಣಿನಿಂದ ನೋಡಿದ ಒಂದು ಒಳ್ಳೆಯ ಸಂಶೋಧನೆ ಈಶಾ ಷಾ ಅವರದು, ಅದು ಪುಸ್ತಕವಾಗಿ ಬಂದದ್ದು 2003ರಲ್ಲಿ. ಅದಕ್ಕೆ ಪಿಎಚ್.ಡಿ. ಕೊಟ್ಟದ್ದು ಹಾಲೆಂಡ್ ದೇಶದ ವಾಗೆನಿಂಗನ್ ವಿಶ್ವವಿದ್ಯಾಲಯ. ನಮ್ಮ ಕೆರೆ, ನಮ್ಮ ಜನ, ಪದವಿ ಮಾತ್ರ ಹಾಲೆಂಡಿನದು.

ಹೋದ ವರ್ಷ ನಮ್ಮ ಒಂದು ಅನುಭಾವ ಗೋಷ್ಠಿ ಮುಗಿದ ಮೇಲೆ ಶ್ರೀನಿವಾಸಪುರ ತಾಲ್ಲೂಕಿನ ಹೆಣ್ಣುಮಗಳೊಬ್ಬಳು ಬಂದು ಮಾತಾಡಿಸಿದಳು. ನೀರಗಂಟಿ ಮನೆತನದವಳು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದ ಮೇಲೆ ನೀರಗಂಟಿಗಳ, ತೋಟಿಗಳ ಇನಾಮ್ತಿ ಜಮೀನು ಯಾರ ಕೈಗೆ ಹೋಯಿತು ಎಂಬುದು ಅವಳ ಪಿಎಚ್.ಡಿ. ವಿಷಯ. "ಎಷ್ಟು ವರ್ಷ ಆಯ್ತಮ್ಮ?" ಎಂದೆ. "ನಾಲ್ಕನೇದು ನಡೀತಿದೆ ಸಾರ್. ಆರರೊಳಗೆ ಮುಗಿಸ್ಬೇಕು" ಎಂದಳು. ಪರಿಶಿಷ್ಟರ ಫೆಲೋಶಿಪ್ ಪಟ್ಟಿಯಲ್ಲಿ ಹೆಸರು ಬಂದಿರಲಿಲ್ಲ. ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತಿದ್ದಳು. ಪಾಠ ಇದ್ದ ತಿಂಗಳು ರೆಕಾರ್ಡ್ ರೂಮಿಗೆ ಹೋಗಲು ಬಿಡುವಿಲ್ಲ, ಪಾಠ ಇಲ್ಲದ ತಿಂಗಳು ಬಸ್ಸಿಗೆ ದುಡ್ಡಿಲ್ಲ. ತೆಲುಗಿನಲ್ಲಿ ಮುದುಕರ ಮಾತು ಕೇಳಿ ಬರೆದುಕೊಳ್ಳುತ್ತಾಳೆ, ಹಳೆಯ ಕನ್ನಡ ಕೈಬರಹದ ಪಹಣಿ, ಖೇತವಾರು ಓದುತ್ತಾಳೆ. ಇಂಥ ಎರಡು ಭಾಷೆಯ ಹಿಡಿತ ಮೈಸೂರಿನ ವಿದ್ಯಾರ್ಥಿಗೆ ಸುಲಭವಾಗಿ ಬರುವುದಿಲ್ಲ. ಕೊನೆಗೆ ಅವಳು ಕೇಳಿದ್ದು ಒಂದೇ ಮಾತು: "ನಿಮ್ಮ ಮಠದಿಂದ ಏನಾದ್ರೂ ಸಹಾಯ ಆಗ್ತದಾ ಸಾರ್?"

ಈ ಪ್ರಶ್ನೆಯನ್ನು ನಮ್ಮ ಬಳಗದ ನಾಲ್ಕೈದು ಹಿರಿಯರ ಮುಂದಿಟ್ಟೆ. ಒಬ್ಬರು, ಆಕೆ ನಮ್ಮವಳೇ ಎಂದು ಕೇಳಿದರು. ಇನ್ನೊಬ್ಬರು ಸ್ವಲ್ಪ ದೂರಾಲೋಚನೆಯವರು. "ಜಮೀನಿನ ವಿಚಾರ ಕೆದಕಿ ಬರೆದಾಗ ನಮ್ಮವರ ಹೆಸರೂ ಬಂದರೆ?" ಎಂದರು. ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡದೆ ನಿಧಿ ಕಟ್ಟಿ ಪ್ರಯೋಜನವಿಲ್ಲ.

ಮೊದಲು ಹಣದ ಸ್ಥಿತಿ ತಿಳಿಯೋಣ. ಯುಜಿಸಿಯ ಜೆಆರ್‌ಎಫ್ ಗೆದ್ದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ 42,000. ಗೆಲ್ಲುವವರು ಕೆಲವರು. ಅದು ದಕ್ಕದವರಿಗೂ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ 8,000 ರೂಪಾಯಿ ಇದೆ. ನಮ್ಮ ಹಳ್ಳಿಗಳ ಮಕ್ಕಳು ಸೇರುವುದು ಹೆಚ್ಚಾಗಿ ರಾಜ್ಯದ ವಿಶ್ವವಿದ್ಯಾಲಯಗಳಿಗೆ. ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕಕ್ಕೇ ಬಂತು, ಸಂತೋಷ. ವಿಶ್ವವಿದ್ಯಾಲಯ ಹತ್ತಿರ ಬಂದ ಮಾತ್ರಕ್ಕೆ ಸಂಶೋಧಕರ ಜೇಬು ತುಂಬುವುದಿಲ್ಲ.

ದಾನಿಗಳ ಬೆಂಬಲದಿಂದ ವಿದ್ಯೆ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ದೂರ ನೋಡಬೇಕಿಲ್ಲ. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಒಬ್ಬ ತರುಣನಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಮುಂದೆ ಲಂಡನ್ನಿನ ಓದಿಗೆ ಕೊಲ್ಹಾಪುರದ ಶಾಹು ಮಹಾರಾಜರೂ ಕೈಜೋಡಿಸಿದರು. ಆ ತರುಣ ಓದಿದ್ದು ಅರ್ಥಶಾಸ್ತ್ರ, ಬರೆದದ್ದು ಸರ್ಕಾರದ ಹಣಕಾಸು ಮತ್ತು ರೂಪಾಯಿಯ ಸಮಸ್ಯೆಯ ಬಗ್ಗೆ. ಬಾಬಾಸಾಹೇಬ್ ಅಂಬೇಡ್ಕರ್ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷತೆಗೆ ಬಂದ ದಾರಿಯಲ್ಲಿ ಆ ಹನ್ನೊಂದೂವರೆ ಪೌಂಡೂ ಇದೆ.

ನಮ್ಮ ಸಮಾಜದಲ್ಲೂ ಇಂಥ ಕೈ ಇತ್ತು. ತ್ಯಾಗವೀರ ಸಿರಸಂಗಿ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಲಂಡನ್ನಿನಲ್ಲಿ ಪಿಎಚ್.ಡಿ. ಮಾಡಿ ಬಂದ ಎಸ್.ಸಿ. ನಂದೀಮಠರ ಇಂಗ್ಲಿಷ್ ಕೈಪಿಡಿಯನ್ನು 1942ರಲ್ಲಿ ಪ್ರಕಟಿಸಿದ್ದು ಧಾರವಾಡದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಅಧ್ಯಯನ ಸಂಸ್ಥೆಯನ್ನೇ ಕಟ್ಟಿ ನೂರಾರು ಗ್ರಂಥ ಹೊರತಂದರು. ಫ.ಗು. ಹಳಕಟ್ಟಿಯವರ ಮಾತು ಬೇರೆ. ವಕೀಲಿಯ ದುಡಿಮೆಯನ್ನೂ ಮನೆಯನ್ನೂ ವಚನದ ತಾಡೋಲೆಗಳಿಗೆ ಸುರಿದು, ಮುದ್ರಣಾಲಯ ಹಾಕಿ, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಅವರ ತ್ಯಾಗವನ್ನು ಪ್ರತಿ ವೇದಿಕೆಯಲ್ಲೂ ಕೊಂಡಾಡುತ್ತೇವೆ. ಅಷ್ಟು ತ್ಯಾಗ ಅವರೊಬ್ಬರ ಮೇಲೆ ಏಕೆ ಬಿತ್ತು, ಸಮಾಜ ಆಗ ಎಲ್ಲಿತ್ತು ಎಂದು ಮಾತ್ರ ಯಾವ ಭಾಷಣಕಾರರೂ ಕೇಳುವುದಿಲ್ಲ.

ನಮ್ಮ ಜಿಲ್ಲೆಯವರೇ ಆದ ಡಿ.ವಿ. ಗುಂಡಪ್ಪನವರನ್ನೂ ನೆನೆಯಬೇಕು. ಮುಳಬಾಗಿಲಿನಲ್ಲಿ ಹುಟ್ಟಿ, ಮೆಟ್ರಿಕ್ ದಾಟದೆಯೂ ವಿದ್ವಾಂಸರಾದವರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. 1970ರಲ್ಲಿ ನಾಡು ಸನ್ಮಾನಿಸಿ ಒಂದು ಲಕ್ಷ ರೂಪಾಯಿ ನಿಧಿ ಅರ್ಪಿಸಿದಾಗ ಅದನ್ನು ಹಾಗೇ ಆ ಸಂಸ್ಥೆಗೆ ಕೊಟ್ಟರು. ನಾವು ಶಾಲು, ಹಾರ, ಫ್ಲೆಕ್ಸಿಗೆ ಮಾಡುವ ಖರ್ಚಿನ ಪಕ್ಕದಲ್ಲಿ ಈ ಒಂದು ಲಕ್ಷವನ್ನು ಇಟ್ಟು ನೋಡಬಹುದು.

ನಮ್ಮ ಸೀಮೆಯಲ್ಲಿ ಮಾಡಬೇಕಾದ ಕೆಲಸಕ್ಕೆ ಬರವಿಲ್ಲ. ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು, ತಾಲ್ಲೂಕುವಾರು. ಕೆರೆ ಕಟ್ಟಿಸಿದವರು, ಅದಕ್ಕೆ ಬಿಟ್ಟ ಕಟ್ಟುಕೊಡಗೆ ಭೂಮಿ, ಎಲ್ಲ ಅಲ್ಲಿದೆ. ಅವನ್ನು ಇಂದಿನ ಊರಿನ ಜೊತೆ ಹೋಲಿಸಿ ಓದುವವರು ಬೇಕು. ಇನ್ನು ಬಸವಣ್ಣನವರ ವಿಚಾರಕ್ಕೇ ಬಂದರೆ, ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬಸವಪುರಾಣ ಬರೆದ, ಅದನ್ನು ಆಧರಿಸಿ ಭೀಮಕವಿ 1369ರಲ್ಲಿ ಕನ್ನಡದಲ್ಲಿ ಬರೆದ. ಎರಡನ್ನೂ ಮೂಲದಲ್ಲೇ ಓದಬಲ್ಲ ಮಕ್ಕಳು ಮುಳಬಾಗಿಲು, ಶ್ರೀನಿವಾಸಪುರದ ಮನೆಮನೆಯಲ್ಲಿ ಹುಟ್ಟುತ್ತಾರೆ. ಅವರು ಬಿ.ಎ. ಮುಗಿಸಿ ನರಸಾಪುರದ ಕಾರ್ಖಾನೆಯ ಬಸ್ ಹತ್ತುತ್ತಾರೆ. ತಪ್ಪೇನಿಲ್ಲ, ಹೊಟ್ಟೆ ಮುಖ್ಯ. ಬೇರೆ ದಾರಿಯೂ ತೆರೆದಿರಲಿ ಎಂಬುದಷ್ಟೇ ನನ್ನ ಮಾತು.

ಲಿಂಗಾಯತ ಸ್ವತಂತ್ರ ಧರ್ಮದ ಬೇಡಿಕೆಯ ಪರಿಶೀಲನೆಗೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಅವರ ಸಮಿತಿ ರಚನೆಯಾಗಿ 2018ರ ಮಾರ್ಚ್‌ನಲ್ಲಿ ವರದಿ ಬಂದದ್ದು ಎಲ್ಲರಿಗೂ ನೆನಪಿದೆ. ಅದರಲ್ಲಿ ರಾಜ್ಯಶಾಸ್ತ್ರದವರು, ಜಾನಪದದವರು, ಸಾಹಿತ್ಯದವರು ಇದ್ದರು. ನಮ್ಮಂಥ ಎಂಜಿನಿಯರುಗಳಿಗೆ ಅಲ್ಲಿ ಕೆಲಸವಿರಲಿಲ್ಲ. ಬೀದಿಯಲ್ಲಿ ಎಷ್ಟು ಲಕ್ಷ ಜನ ಸೇರಿದರು ಎಂಬುದು ಪುರಾವೆಯಾಗುವುದಿಲ್ಲ, ಯಾರೋ ಹಿಂದೆ ಕೂತು ಬರೆದಿಟ್ಟದ್ದು ಪುರಾವೆಯಾಗುತ್ತದೆ.

ಈಗ ಕಷ್ಟದ ವಿಷಯ. ಡಾ. ಎಂ.ಎಂ. ಕಲಬುರ್ಗಿಯವರನ್ನು ನಾವು ಹುತಾತ್ಮರೆನ್ನುತ್ತೇವೆ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲೇ ಅವರಿಗೆ ಗುಂಡಿಟ್ಟರು. ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರನ್ನು ಕಳೆದುಕೊಂಡೆವು. ಆದರೆ 1989ರಲ್ಲಿ 'ಮಾರ್ಗ'ದಲ್ಲಿ ತಾವು ಬರೆದದ್ದನ್ನು ಅವರು ಹಿಂತೆಗೆದುಕೊಳ್ಳಬೇಕಾಗಿ ಬಂದದ್ದು ಯಾರ ಒತ್ತಡದಿಂದ? ಹೊರಗಿನವರಿಂದಲ್ಲ. ನಮ್ಮ ಸಮಾಜದ ಮುಂದಾಳುಗಳಿಂದಲೇ. ಬೌದ್ಧಿಕವಾಗಿ ತಾವು ಅಂದೇ ಆತ್ಮಹತ್ಯೆ ಮಾಡಿಕೊಂಡೆ ಎಂಬ ಅರ್ಥದ ಮಾತನ್ನು ಅವರೇ ಆಡಿದ್ದರು. ಅವರ ಬರಹ ಸರಿಯೋ ತಪ್ಪೋ, ಅದನ್ನು ತೀರ್ಮಾನಿಸಬೇಕಾದದ್ದು ಇನ್ನೊಂದು ಬರಹ, ಬಲವಾದ ಆಧಾರವಿರುವ ಬರಹ. ಸಭೆ ಕರೆದು ತಪ್ಪೊಪ್ಪಿಗೆ ಪಡೆಯುವ ಪದ್ಧತಿ ಅನುಭವ ಮಂಟಪದ್ದಲ್ಲ. ಅಲ್ಲಿ ಶೂನ್ಯಪೀಠದಲ್ಲಿದ್ದ ಅಲ್ಲಮಪ್ರಭುಗಳೂ ಪ್ರಶ್ನೆ ಕೇಳಿಯೇ ಒಪ್ಪಿದವರು.

ಆದ್ದರಿಂದ ಈ ನಿಧಿಯ ನಿಯಮಾವಳಿಯಲ್ಲಿ ಮೊದಲ ಕಲಂ ಹೀಗಿರಬೇಕು: ಸಹಾಯ ಪಡೆದವರು ಏನು ಬರೆದರು ಎಂಬುದನ್ನು ನೋಡಿ ಸಹಾಯ ನಿಲ್ಲಿಸುವಂತಿಲ್ಲ, ಪ್ರಕಟಣೆಗೆ ಮುಂಚೆ ಓದಿ ಒಪ್ಪಿಗೆ ಕೊಡುವ ಅಧಿಕಾರ ಮಠಕ್ಕೂ ಇಲ್ಲ, ದಾನಿಗೂ ಇಲ್ಲ, ಈ ಪತ್ರಿಕೆಗೂ ಇಲ್ಲ. ವರ್ಷಕ್ಕೊಮ್ಮೆ ಮಾರ್ಗದರ್ಶಕರಿಂದ ಕೆಲಸದ ಪ್ರಗತಿಯ ಪತ್ರ ತಂದರೆ ಸಾಕು. ನಮ್ಮವರ ಹೆಸರು ಬಂದರೆ ಬರಲಿ. ನೀರಗಂಟಿಯ ಇನಾಮ್ತಿ ಜಮೀನು ಯಾವ ಭಕ್ತನ ಪಹಣಿಯಲ್ಲಿ ಸೇರಿದೆ ಎಂದು ತಿಳಿಯಲು ಹೆದರುವ ಸಮಾಜ ಕಾಯಕದ ಬಗ್ಗೆ ಉಪನ್ಯಾಸ ಏರ್ಪಡಿಸಬಾರದು.

"ನಮ್ಮವಳೇ" ಎಂಬ ಪ್ರಶ್ನೆಗೆ ಬಸವಣ್ಣನವರು ಒಂಬೈನೂರು ವರ್ಷದ ಹಿಂದೆಯೇ ಉತ್ತರ ಹೇಳಿದ್ದಾರೆ, ನಾನು ಹೊಸದಾಗಿ ಹೇಳಬೇಕಿಲ್ಲ. ಅದು ಸಾಲದಿದ್ದವರಿಗೆ ಆದಾಯ ತೆರಿಗೆ ಕಾನೂನು ಇದೆ: ಒಂದು ಜಾತಿಗೆ ಅಥವಾ ಒಂದು ಧರ್ಮದವರಿಗೆ ಮಾತ್ರ ಮೀಸಲಿಟ್ಟು ಈಗ ಹೊಸ ದತ್ತಿ ಸಂಸ್ಥೆ ಕಟ್ಟಿದರೆ ತೆರಿಗೆ ವಿನಾಯಿತಿ ದಕ್ಕುವುದಿಲ್ಲ. ಮೇಲಾಗಿ ಈ ನಾಲ್ಕು ತಾಲ್ಲೂಕುಗಳಲ್ಲಿ ನಾವು ಸಂಖ್ಯೆಯಲ್ಲಿ ಕಡಿಮೆ. ನಮ್ಮ ಮಕ್ಕಳಿಗೆ ಮಾತ್ರ ಎಂದು ಬಾಗಿಲು ಹಾಕಿಕೊಂಡರೆ ಅರ್ಜಿಗಳೇ ಬಾರದೆ ನಿಧಿ ಬ್ಯಾಂಕಿನಲ್ಲಿ ಮಲಗಿರುತ್ತದೆ.

ಅಂದಾಜು ಪಟ್ಟಿ ಇಲ್ಲದೆ ಕಾಮಗಾರಿ ಮಾತಾಡುವುದು ನನಗೆ ಅಭ್ಯಾಸವಿಲ್ಲ. ತಿಂಗಳಿಗೆ 15,000 ರೂಪಾಯಿಯಂತೆ ಒಬ್ಬರಿಗೆ ವರ್ಷಕ್ಕೆ 1,80,000. ಓಡಾಟ, ಜೆರಾಕ್ಸ್, ದಾಖಲೆಗಳ ನಕಲಿನ ಶುಲ್ಕಕ್ಕೆ 20,000. ಒಟ್ಟು 2 ಲಕ್ಷ. ತಾಲ್ಲೂಕಿಗೆ ಒಬ್ಬರಂತೆ ನಾಲ್ವರಿಗೆ 8 ಲಕ್ಷ. ಇದನ್ನು ಬಡ್ಡಿಯಿಂದಲೇ ನಡೆಸಬೇಕಾದರೆ ಶೇ. 6.5ರ ಲೆಕ್ಕದಲ್ಲಿ ಸುಮಾರು 1 ಕೋಟಿ 23 ಲಕ್ಷದ ಮೂಲಧನ ಬೇಕು. ಬೆಲೆ ಏರಿಕೆಗೆಂದು ಸ್ವಲ್ಪ ಹೆಚ್ಚೇ ಇಡುವುದು ಜಾಣತನ. ದೊಡ್ಡ ಮೊತ್ತ ಅನ್ನಿಸಿದರೆ, ಹೊಸ ಸಮುದಾಯ ಭವನಗಳ ಅಂದಾಜು ಪಟ್ಟಿಗಳನ್ನು ತರಿಸಿ ಪಕ್ಕದಲ್ಲಿ ಇಡಿ. ಮೂಲಧನ ಕೂಡುವವರೆಗೆ ಕಾಯಬೇಕಾಗಿಯೂ ಇಲ್ಲ. ವರ್ಷಕ್ಕೆ ಸಾವಿರ ರೂಪಾಯಿ ಕೊಡುವ ಇನ್ನೂರು ಮನೆ ಸಿಕ್ಕರೆ ಮೊದಲ ಸಂಶೋಧಕರಿಗೆ ಈ ವರ್ಷವೇ ಕೊಡಬಹುದು.

ಆಯ್ಕೆಗೆ ಐವರ ಸಮಿತಿ ಸಾಕು, ಅದರಲ್ಲಿ ಮೂವರಾದರೂ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರಿರಲಿ, ಒಬ್ಬರಾದರೂ ಮಹಿಳೆ ಇರಲಿ. ಪೂಜ್ಯರು ಗೌರವಾಧ್ಯಕ್ಷರಾಗಿರಲಿ, ಆಯ್ಕೆಯಲ್ಲಿ ಮಾತ್ರ ಸೇರದಿರಲಿ. ಶಿಫಾರಸಿನ ಕಾಟದಿಂದ ಅವರಿಗೂ ಬಿಡುಗಡೆ. ಹಣ ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ತಿಂಗಳ ಮೊದಲ ವಾರ ಹೋಗಬೇಕು. ವೇದಿಕೆಗೆ ಕರೆದು ಚೆಕ್ ಕೊಡುವ ಫೋಟೋ ಬೇಡ. ಲೆಕ್ಕ ಪರಿಶೋಧನೆಯ ವರದಿಯನ್ನು ಪ್ರತಿ ವರ್ಷ ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.

ನನ್ನ ಪಾಲಿಗೆ ವರ್ಷಕ್ಕೆ ಒಂದು ತಿಂಗಳ ಪಿಂಚಣಿ ಬರೆದುಕೊಂಡಿದ್ದೇನೆ. ಸೇರಲು ಒಪ್ಪುವವರು ತಮ್ಮ ಹೆಸರು, ತಾಲ್ಲೂಕು, ಕೊಡಬಯಸುವ ಮೊತ್ತವನ್ನು ಒಂದು ಕಾರ್ಡಿನಲ್ಲಿ ಬರೆದು ಸಂಪಾದಕರ ವಿಳಾಸಕ್ಕೆ ಕಳುಹಿಸಬೇಕು. ಒಪ್ಪದವರು ಏಕೆ ಒಪ್ಪುವುದಿಲ್ಲ ಎಂದು ಬರೆಯಲಿ, ಅದನ್ನೂ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಇನ್ನೂರು ಕಾರ್ಡು ಬಂದ ತಿಂಗಳೇ ಕೋಲಾರದಲ್ಲಿ ಸಭೆ ಕರೆಯಲಾಗುವುದು.