ಡ್ರ್ಯಾಗನ್ ಮೂಡಿಗೆರೆಯಲ್ಲೂ ಇದೆ

ಇಂಗ್ಲಿಷ್ ಮೀಡಿಯಂನವರಿಗೆ ಕನ್ನಡ ಪುಸ್ತಕ ಹಿಡಿಸಲ್ಲ ಅಂತಾರೆ. ನಾನು ಒಪ್ಪಲ್ಲ. 'ಲಾರ್ಡ್ ಆಫ್ ದಿ ರಿಂಗ್ಸ್'ನ ಮೂರೂ ಸಂಪುಟ ನಿದ್ದೆಗೆಟ್ಟು ಓದಿದವರೇ ತೇಜಸ್ವಿಗೆ ತಕ್ಕ ಓದುಗರು.

1980ರ 'ಕರ್ವಾಲೊ' ನೋಡಿ. ಒಬ್ಬ ವಿಜ್ಞಾನಿ, ಜೇನು ಹಿಡಿಯೋ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನೋ ನಾಯಿ. ಎಲ್ಲರೂ ಹಾರುವ ಓತಿ ಹುಡುಕ್ಕೊಂಡು ಮಲೆನಾಡಿನ ಕಾಡು ಹೊಗ್ತಾರೆ. ಫ್ರೋಡೋ ತಂಡಕ್ಕಿಂತ ಇವರು ಯಾವುದರಲ್ಲಿ ಕಮ್ಮಿ?

ಒಂದೇ ವ್ಯತ್ಯಾಸ: ಮಿಡ್ಲ್ ಅರ್ಥ್‌ಗೆ ಬಸ್ಸಿಲ್ಲ, ಮೂಡಿಗೆರೆಗಿದೆ. ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇದೆ. ಅದರ ವೈಜ್ಞಾನಿಕ ಹೆಸರು ಡ್ರ್ಯಾಕೊ. ಲ್ಯಾಟಿನ್‌ನಲ್ಲಿ ಡ್ರ್ಯಾಗನ್ ಅಂತಲೇ ಅರ್ಥ. ಆದರೆ ಮಿಡ್ಲ್ ಅರ್ಥ್ ಪುಸ್ತಕದಲ್ಲಿ ಭದ್ರವಾಗಿರುತ್ತೆ, ಈ ಡ್ರ್ಯಾಗನ್‌ಗೆ ಮರಗಳು ಬೇಕು.

ಟಾಲ್ಕಿನ್‌ನ ಬಿಡೋದು ಬೇಡ. ಜೊತೆಗೆ 'ಕರ್ವಾಲೊ' ಓದಿ. ಚಿಕ್ಕ ಪುಸ್ತಕ, ಒಂದು ವೀಕೆಂಡ್ ಸಾಕು.