ಕೂಸಿನ ಗಡ್ಡೆಗೆ ಕರ್ಮ ಕಾರಣ ಅಲ್ಲ



ಯಾರೂ ಬಾಯಿಬಿಟ್ಟು ಮಾತಾಡದ ವಿಷಯ ಬರೀತಿದ್ದೀನಿ. ಎಳೆಕೂಸುಗಳ ಗುಪ್ತಾಂಗದಲ್ಲಿ ಅಪರೂಪಕ್ಕೆ ಗಡ್ಡೆ ಬೆಳೆಯುತ್ತೆ. ನಮ್ಮ ಕೇರಿಗಳಲ್ಲಿ ಇಂಥದ್ದು ಕಂಡರೆ ಮೊದಲು ಬೈಸಿಕೊಳ್ಳೋಳು ತಾಯಿ. 'ಗ್ರಹಣ ನೋಡಿದ್ಲು', 'ಹಿಂದಿನ ಜನ್ಮದ ಕರ್ಮ', 'ಕೂಸು ಗಂಡೋ ಹೆಣ್ಣೋ' ಅಂತಾರೆ. ಆಮೇಲೆ ಬಟ್ಟೆ ಸುತ್ತಿ ಮುಚ್ಚಿಡ್ತಾರೆ.

ಹಿಂದಿನ ಜನ್ಮದ ಕರ್ಮದ ವಾದವನ್ನ ಬಾಬಾಸಾಹೇಬರು ಒಪ್ಪಲಿಲ್ಲ. ನಮ್ಮನ್ನ ಕೇರಿಗೆ ತಳ್ಳಿದ್ದೇ ಆ ವಾದ. ಅದನ್ನೇ ನಮ್ಮ ಕೂಸಿನ ಮೇಲೆ ಹೇರೋದು ಯಾವ ನ್ಯಾಯ?

ಇವುಗಳಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆಗಳಿವೆ. ಲೈಪೊಬ್ಲಾಸ್ಟೋಮ ಅನ್ನೋದು ಎಳೆಯ ಕೊಬ್ಬಿನ ಗಡ್ಡೆ. ಹೆಚ್ಚಾಗಿ 3 ವರ್ಷದೊಳಗಿನ ಮಕ್ಕಳಿಗೆ ಬರುತ್ತೆ. ಬೇಗ ಬೆಳೆದರೂ ಬೇರೆ ಅಂಗಕ್ಕೆ ಹರಡಲ್ಲ. ಆಪರೇಷನ್ ಮಾಡಿ ಪೂರ್ತಿ ತೆಗೆದರೆ ಗುಣ, ಚೂರು ಉಳಿದರೆ ಮತ್ತೆ ಬೆಳೀಬಹುದು. ರಕ್ತನಾಳದ ಕೆಂಪು ಗಂಟು, ಅಂದ್ರೆ ಹೆಮಾಂಜಿಯೋಮ, ಬೇರೆ. ಅದಕ್ಕೆ ಎಷ್ಟೋ ಸಲ ಆಪರೇಷನ್ ಬೇಕಾಗಲ್ಲ, ಪ್ರೊಪ್ರನೊಲಾಲ್ ಔಷಧಿಗೇ ಇಳಿಯುತ್ತೆ. ಹರ್ನಿಯಾ ಆದ್ರೆ ತಡ ಮಾಡೋ ಹಾಗಿಲ್ಲ. ಯಾವುದು ಅಂತ ಹೇಳಬೇಕಾದವರು ಡಾಕ್ಟರು, ಬರೆ ಹಾಕೋನಲ್ಲ.

ಈಗ ಸರ್ಕಾರದ ಮಾತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬರಬೇಕು. ಆ ಕಾರ್ಯಕ್ರಮ ಹೆಸರಿಸಿರೋ 9 ಜನ್ಮದೋಷಗಳಲ್ಲಿ ಸೀಳುತುಟಿ ಇದೆ, ಸೊಟ್ಟಪಾದ ಇದೆ, ಈ ಗಡ್ಡೆ ಇಲ್ಲ. ನಾನು ಗುಮಾಸ್ತ, ನಂಗೊತ್ತು: ಕಾಲಂ ಇಲ್ಲದ್ದನ್ನ ಯಾರೂ ಬರೆಯಲ್ಲ, ಬರೆಯದೇ ಇದ್ರೆ ರೆಫರಲ್ ಚೀಟಿ ಹುಟ್ಟಲ್ಲ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಮಕ್ಕಳ ಸರ್ಜನ್ನುಗಳಿರೋ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಬೆಂಗಳೂರಲ್ಲಿದೆ, ಹೊಳಲ್ಕೆರೆಯಿಂದ 200 ಕಿ.ಮೀ.ಗೂ ದೂರ. ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ಸು ಫ್ರೀ, ಸರಿ. ವಾರಗಟ್ಟಲೆ ಬಿಟ್ಟ ಕೂಲಿ ಯಾರು ಕೊಡ್ತಾರೆ?

ಹೊಳಲ್ಕೆರೆ ಮೀಸಲು ಕ್ಷೇತ್ರ. ಇಲ್ಲಿಂದಲೇ ಕೇಳೋಣ:

1. ತಪಾಸಣೆ ಫಾರಂನಲ್ಲಿ 'ಗುಪ್ತಾಂಗದ ಬಾವು, ಗಡ್ಡೆ' ಅಂತ ಪ್ರತ್ಯೇಕ ಕಾಲಂ ಬೇಕು.
2. ಅಂಗನವಾಡಿಯಲ್ಲಿ ಪರದೆ ಹಾಕಿ, ತಾಯಿ ಎದುರಲ್ಲೇ, ಕೂಸಿನ ಬಟ್ಟೆ ಬಿಚ್ಚಿ ನೋಡಬೇಕು.
3. ಆಸ್ಪತ್ರೆಯಲ್ಲಿ ಜೊತೆಗಿರೋರಿಗೆ ದಿನಗೂಲಿ ಕೊಡಬೇಕು.

ಸಂಗಾತಿಗಳಲ್ಲಿ ಒಂದು ವಿನಂತಿ. ಇಂಥ ಕೂಸು ಕಂಡರೆ ಸಹಾಯದ ಹೆಸರಲ್ಲಿ ಫೋಟೋ ಗ್ರೂಪಿಗೆ ಹಾಕಬೇಡಿ. ಆ ಕೂಸಿಗೂ ಮರ್ಯಾದೆ ಇದೆ. ಆಶಾ ಅಕ್ಕನ್ನ ಕರ್ಕೊಂಡು ಆ ಮನೆಗೆ ಹೋಗಿ, ತಾಯಿ ಜೊತೆ ಆಸ್ಪತ್ರೆಗೆ ನಡೀರಿ.