ಬ್ಲಾಗ್: ವರ್ತಕರು ತೆರೆದಿಡಬೇಕಾದ ಕಿರ್ದಿ

ಕಿರ್ದಿ ಪುಸ್ತಕವಿಲ್ಲದ ವ್ಯಾಪಾರವನ್ನು ಹಿಂದಿನ ತಲೆಮಾರಿನ ವರ್ತಕರು ವ್ಯಾಪಾರವೆಂದೇ ಒಪ್ಪುತ್ತಿರಲಿಲ್ಲ. ಆಯಾ ದಿನದ ವಹಿವಾಟನ್ನು ಆಯಾ ದಿನವೇ ತಾರೀಖಿನೊಂದಿಗೆ ಬರೆದಿಡುವುದು ಕಿರ್ದಿಯ ನಿಯಮ. ಅಂತರಜಾಲದಲ್ಲಿ ಬ್ಲಾಗ್ ಎಂದು ಕರೆಯಲ್ಪಡುವುದೂ ಮೂಲತಃ ಇಂಥದೇ ಒಂದು ದಿನವಹಿ. ವ್ಯತ್ಯಾಸಗಳು ಮುಖ್ಯವಾಗಿ ಎರಡು: ಬ್ಲಾಗಿನಲ್ಲಿ ಹೊಸ ಬರಹ ಮೇಲೆ, ಹಳೆಯದು ಕೆಳಗೆ ಇರುತ್ತದೆ, ಕಿರ್ದಿಯನ್ನು ಮಾಲೀಕನಷ್ಟೇ ನೋಡಿದರೆ, ಬ್ಲಾಗನ್ನು ಲೋಕವೆಲ್ಲ ಓದಬಹುದು. ಈ ಎರಡನೆಯ ವ್ಯತ್ಯಾಸದ ಬೆಲೆಯನ್ನು ಸಣ್ಣ ಉದ್ಯಮಿಗಳು ಇನ್ನೂ ಸರಿಯಾಗಿ ಅರಿತಂತಿಲ್ಲ.

ಹಡಗಿನ ಕಪ್ತಾನರು ಪ್ರಯಾಣದ ವಿವರಗಳನ್ನು ಬರೆದಿಡುವ ಪುಸ್ತಕಕ್ಕೆ ‘ಲಾಗ್’ ಎಂಬ ಹೆಸರಿದೆ. ಅಂತರಜಾಲದ ದಾಖಲೆಗೆ ‘ವೆಬ್‌ಲಾಗ್’ ಎಂಬ ಪದವನ್ನು 1997ರ ಡಿಸೆಂಬರ್‌ನಲ್ಲಿ ಬಳಕೆಗೆ ತಂದವರು ಅಮೆರಿಕದ ಜಾರ್ನ್ ಬಾರ್ಗರ್. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಆ ಪದವನ್ನು ತಮಾಷೆಗಾಗಿ ಬೇರೆ ರೀತಿಯಲ್ಲಿ ಒಡೆದು ಓದಿದ್ದರಿಂದ ‘ಬ್ಲಾಗ್’ ಹುಟ್ಟಿತು. ಪದಕ್ಕಿಂತ ಪದ್ಧತಿ ಹಳೆಯದು. ಜಸ್ಟಿನ್ ಹಾಲ್ ಎಂಬ ಕಾಲೇಜು ವಿದ್ಯಾರ್ಥಿ 1994ರಲ್ಲಿಯೇ ತನ್ನ ಬದುಕಿನ ವಿವರಗಳನ್ನು ಅಂತರಜಾಲದಲ್ಲಿ ಬರೆಯತೊಡಗಿದ್ದನು. ಆದರೆ ಅಂದು ಪುಟವೊಂದನ್ನು ಪ್ರಕಟಿಸಲು ತಾಂತ್ರಿಕ ಪರಿಜ್ಞಾನ ಬೇಕಾಗಿತ್ತು. 1999ರ ಆಗಸ್ಟ್‌ನಲ್ಲಿ ಪೈರಾ ಲ್ಯಾಬ್ಸ್ ಸಂಸ್ಥೆಯ ‘ಬ್ಲಾಗರ್’ ಸೇವೆ ಬಂದ ಮೇಲೆ, ಕಾಗದ ಬರೆಯಬಲ್ಲವರೆಲ್ಲರೂ ಪ್ರಕಾಶಕರಾಗುವುದು ಸಾಧ್ಯವಾಯಿತು. 2003ರಲ್ಲಿ ಗೂಗಲ್ ಆ ಸಂಸ್ಥೆಯನ್ನು ಕೊಂಡುಕೊಂಡಿತು. ಅದೇ ವರ್ಷ ಉಚಿತ ತಂತ್ರಾಂಶವಾದ ವರ್ಡ್‌ಪ್ರೆಸ್ ಕೂಡ ಬಂದಿತು.

ಕನ್ನಡವೂ ಹಿಂದೆ ಬೀಳಲಿಲ್ಲ. 1996ರಲ್ಲಿ ಡಾ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲಪತ್ರಿಕೆ ಬಂದಿತು. 1998ರಲ್ಲಿ ‘ಬರಹ’ ತಂತ್ರಾಂಶ ಬಂದಿತು. ಯುನಿಕೋಡ್ ಬಳಕೆಗೆ ಬಂದ ಬಳಿಕ, ಓದುಗನ ಗಣಕದಲ್ಲಿ ಲೇಖಕನ ಅಕ್ಷರಶೈಲಿಯೇ ಇರಬೇಕೆಂಬ ತೊಡಕು ನಿವಾರಣೆಯಾಯಿತು. ಅನಂತರ ತಂತ್ರಜ್ಞರು, ಅಧ್ಯಾಪಕರು, ಪತ್ರಕರ್ತರು, ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರು ಉತ್ಸಾಹದಿಂದ ಬ್ಲಾಗ್ ಬರೆದರು. ವರ್ತಕರ ಹೆಸರು ಮಾತ್ರ ಅಲ್ಲಿ ವಿರಳ.

ಜನರು ಬ್ಲಾಗ್ ಬರೆಯುವುದಕ್ಕೆ ಕಾರಣಗಳು ಹಲವು: ನೆನಪಿಗಾಗಿ, ತಿಳಿದದ್ದನ್ನು ಹಂಚಿಕೊಳ್ಳಲು, ಹೆಸರಿಗಾಗಿ, ಆದಾಯಕ್ಕಾಗಿ. ಉದ್ಯಮಿಗೆ ಇವೆಲ್ಲಕ್ಕಿಂತ ಮಿಗಿಲಾದ ಕಾರಣವೊಂದಿದೆ. ಅದು ಗಿರಾಕಿಯ ವಿಶ್ವಾಸ. ಲಂಡನ್ನಿನ ಸ್ಯಾವಿಲ್ ರೋ ಬೀದಿಯಲ್ಲಿ ಪಳಗಿದ ದರ್ಜಿ ಥಾಮಸ್ ಮಹನ್ 2005ರಲ್ಲಿ ‘ಇಂಗ್ಲಿಷ್ ಕಟ್’ ಎಂಬ ಬ್ಲಾಗ್ ಆರಂಭಿಸಿದರು. ಬಟ್ಟೆಯನ್ನು ಕತ್ತರಿಸುವ ಬಗೆ, ಒಳ್ಳೆಯ ಹೊಲಿಗೆಯ ಲಕ್ಷಣ ಮೊದಲಾದ ಕಸುಬಿನ ಒಳಗುಟ್ಟುಗಳನ್ನು ಮುಚ್ಚುಮರೆಯಿಲ್ಲದೆ ಬರೆದರು. ಗುಟ್ಟು ಹೇಳಿದ್ದರಿಂದ ಅವರ ಕಸುಬು ಕೆಡಲಿಲ್ಲ; ದೂರದ ಅಮೆರಿಕದ ಗಿರಾಕಿಗಳಿಗೂ ಅವರ ಹೆಸರು ಪರಿಚಿತವಾಯಿತು. ಅಮೆರಿಕದ ವರ್ಜೀನಿಯಾದಲ್ಲಿ ಈಜುಕೊಳಗಳನ್ನು ಅಳವಡಿಸುತ್ತಿದ್ದ ಮಾರ್ಕಸ್ ಶೆರಿಡನ್ ಅವರ ಸಂಸ್ಥೆ 2008ರ ಆರ್ಥಿಕ ಕುಸಿತದಲ್ಲಿ ಮುಳುಗುವ ಸ್ಥಿತಿಗೆ ಬಂದಿತ್ತು. ಗಿರಾಕಿಗಳು ಕೇಳುತ್ತಿದ್ದ ಪ್ರಶ್ನೆಗಳಿಗೆ ಒಂದೊಂದಾಗಿ ಬ್ಲಾಗಿನಲ್ಲಿ ಉತ್ತರ ಬರೆಯುವ ಕೆಲಸವನ್ನು ಅವರು 2009ರಲ್ಲಿ ಕೈಗೊಂಡರು. ಎಲ್ಲರೂ ಕೇಳುವ, ಮಾರಾಟಗಾರರು ಹೇಳಲು ಹಿಂಜರಿಯುವ ಪ್ರಶ್ನೆಗೂ, ಅಂದರೆ ‘ಬೆಲೆ ಎಷ್ಟು?’ ಎಂಬುದಕ್ಕೂ, ಉತ್ತರ ಕೊಟ್ಟರು. ಸಂಸ್ಥೆ ಉಳಿಯಿತು, ಮುಂದೆ ಕೊಳಗಳ ತಯಾರಿಕೆಗೂ ಇಳಿಯಿತು.

ಇಂಥ ಅವಕಾಶ ಕರ್ನಾಟಕದ ಉದ್ಯಮಿಗಳಿಗೂ ಇದೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿಗೂ ಕಡ್ಡಿಗೂ ಇರುವ ಭೇದವನ್ನು ಅಲ್ಲಿನ ವರ್ತಕರಿಗಿಂತ ಚೆನ್ನಾಗಿ ವಿವರಿಸಬಲ್ಲವರಾರು? ಚನ್ನಪಟ್ಟಣದ ಆಟಿಕೆಗೆ ಅರಗಿನ ಬಣ್ಣ ಹಿಡಿಯುವ ಬಗೆ, ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಬೆಸೆಯುವ ಬಗೆ, ಅಸಲಿ ಮತ್ತು ನಕಲಿಯನ್ನು ಗುರುತಿಸುವ ಬಗೆ, ಇವೆಲ್ಲವೂ ಗಿರಾಕಿ ಹಣ ಕೊಡುವ ಮೊದಲು ತಿಳಿಯಬಯಸುವ ಸಂಗತಿಗಳು. ಯಂತ್ರಗಳೇ ಲೇಖನ ರಚಿಸುತ್ತಿರುವ ಈ ದಿನಗಳಲ್ಲಿ, ಕೈಯಾರೆ ಮಾಡಿ ಕಂಡವನ ಮಾತಿಗೆ ಹೆಚ್ಚಿನ ತೂಕವಿದೆ.

‘ವಾಟ್ಸ್‌ಆ್ಯಪ್ ಗುಂಪಿದೆ, ಫೇಸ್‌ಬುಕ್ ಪುಟವಿದೆ, ಬ್ಲಾಗ್ ಏಕೆ?’ ಎಂಬ ಪ್ರಶ್ನೆ ಸಹಜ. ಗಿರಾಕಿಯನ್ನು ಕರೆತರಲು ಅವು ಉಪಯುಕ್ತವೇ ಸರಿ. ಆದರೆ ಅವು ಪರರ ಜಾಗದಲ್ಲಿ ಹಾಕಿದ ಸಂತೆಯಂಗಡಿಗಳು. ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸಹಿತ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅದನ್ನೇ ನಂಬಿ ಗಿರಾಕಿಗಳನ್ನು ಕೂಡಿಸಿಕೊಂಡಿದ್ದವರು ಬರಿಗೈಯಾದರು. ಉಚಿತ ಬ್ಲಾಗ್ ಸೇವೆಗೂ ಈ ಮಾತು ಅನ್ವಯಿಸುತ್ತದೆ. ಆದುದರಿಂದ ವಾರ್ಷಿಕ ಶುಲ್ಕ ತೆತ್ತು ಸ್ವಂತ ಹೆಸರಿನ ಜಾಲವಿಳಾಸ ಪಡೆಯುವುದೂ, ಬರೆದುದೆಲ್ಲದರ ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುವುದೂ ವಿವೇಕ. ಅಂಗಡಿಯ ಜಾಗ ಬದಲಾದರೂ ಕಿರ್ದಿ ಮಾಲೀಕನ ಕೈಯಲ್ಲಿಯೇ ಇರಬೇಕಷ್ಟೆ.

ಎಚ್ಚರಿಕೆಯೂ ಅಗತ್ಯ. ಉತ್ಪ್ರೇಕ್ಷೆಯಿಂದ ತುಂಬಿದ ಬ್ಲಾಗ್ ಜಾಹೀರಾತಿಗಿಂತ ಕೀಳು. ಸರಕಿನ ಬಗ್ಗೆ ಸುಳ್ಳು ಬರೆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತೆಂದು ಕ್ರಮಕ್ಕೆ ಗುರಿಯಾಗಬಹುದು. ಪ್ರತಿಸ್ಪರ್ಧಿಯ ನಿಂದನೆ, ಗಿರಾಕಿಯ ಖಾಸಗಿ ವಿವರ, ನಿಜವಾಗಿ ಗುಟ್ಟಾಗಿರಬೇಕಾದ ತಯಾರಿಕಾ ಸೂತ್ರ, ಇವುಗಳಿಗೆ ಬ್ಲಾಗಿನಲ್ಲಿ ಸ್ಥಾನವಿಲ್ಲ. ಪಾಂಡಿತ್ಯವೂ ಬೇಕಿಲ್ಲ, ಗಲ್ಲಾದ ಮುಂದೆ ನಿಂತವರಿಗೆ ಹೇಳುವ ಮಾತನ್ನೇ ಬರೆದರೆ ಸಾಕು.

ನಿತ್ಯ ಬರೆಯಬೇಕೆಂದೇನೂ ಇಲ್ಲ. ವಾರದಲ್ಲಿ ಗಿರಾಕಿಗಳು ಹೆಚ್ಚಾಗಿ ಕೇಳಿದ ಒಂದು ಪ್ರಶ್ನೆ, ಅದಕ್ಕೊಂದು ಪ್ರಾಮಾಣಿಕ ಉತ್ತರ, ಕೆಳಗೆ ತಾರೀಖು. ಹೀಗೆ ಒಂದು ವರ್ಷ ನಡೆದರೆ ಐವತ್ತು ಉತ್ತರಗಳ ಬಂಡವಾಳ ಕೂಡುತ್ತದೆ. ಹಿರಿಯರು ಬೆವರು ಸುರಿಸಿ ಗಳಿಸಿದ ಕಸುಬಿನ ತಿಳಿವಳಿಕೆ ಹಲವು ಮನೆತನಗಳಲ್ಲಿ ಅವರೊಂದಿಗೇ ಕಣ್ಮರೆಯಾಗಿದೆ. ಅದು ಮುಂದಿನ ಪೀಳಿಗೆಗೂ ಗಿರಾಕಿಗೂ ಒಟ್ಟಿಗೆ ದಕ್ಕಬೇಕಾದರೆ, ಕಿರ್ದಿಯ ಒಂದು ಪುಟವನ್ನಾದರೂ ಲೋಕಕ್ಕೆ ತೆರೆದಿಡುವುದು ಲೇಸು.